ಬೆಟ್ಟದ ಮೇಲಿನ ಇಂಗ್ಲಿಷ್ ಪೇಟೆ: ನಮ್ಮ ಊಟಿಯ ಕಥೆ

ನಮ್ಮೂರ ಹೆಸರು ಮಾವನಲ್ಲ ಎಂದು ಹೇಳಿದರೆ ಮೈಸೂರಿನ ಸ್ನೇಹಿತರು "ಮಾವ ಅಲ್ಲದಿದ್ದರೆ ಮತ್ಯಾರು ಮೇಷ್ಟ್ರೇ?" ಎಂದು ನಗುತ್ತಾರೆ. ನಾವೂ ನಗುತ್ತೇವೆ. ಆಮೇಲೆ "ಊಟಿಯ ಕೆಳಗೆ, ಮಸಿನಗುಡಿಯ ಹತ್ತಿರ" ಎಂದರೆ "ಓಹೋ, ಊಟಿಯಾ!" ಎಂದು ಕಣ್ಣರಳಿಸುತ್ತಾರೆ. ನಮಗೆ ಊಟಿ ಎಂದರೆ ಪ್ರವಾಸದ ಊರಲ್ಲ. ಕಲ್ಹಟ್ಟಿ ಘಾಟಿಯ 36 ತಿರುವು ಹತ್ತಿದರೆ ಸಿಗುವ ಪೇಟೆ. ಆಸ್ಪತ್ರೆಗೆ, ಕಚೇರಿಗೆ, ಹಬ್ಬದ ಬಟ್ಟೆಗೆ ಹೋಗಬೇಕಾದ ಊರು.

ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಕರೆದುಕೊಂಡು ಊಟಿ ನೋಡಲು ಹೋಗಿದ್ದೆವು. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗ ಕೇಳಿದ, "ಸಾರ್, ಊಟೀಲಿ ಎಲ್ಲಾನೂ ಇಂಗ್ಲಿಷಿನವರೇ ಮಾಡಿದ್ದಾ? ನಮ್ಮೋರು ಏನೂ ಮಾಡಿಲ್ವಾ?" ಆಗ ಅರ್ಧಂಬರ್ಧ ಉತ್ತರ ಹೇಳಿ ಸುಮ್ಮನಾದೆವು. ಆ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಕೂತುಬಿಟ್ಟಿತು. ಈ ಬರಹ ಆ ಹುಡುಗನಿಗೆ ಕೊಡುತ್ತಿರುವ ತಡವಾದ ಉತ್ತರ.

ಇಂಗ್ಲೆಂಡಿನಲ್ಲಿ ಸಂತೆಯ ಊರುಗಳಿಗೆ ಒಂದು ಹಳೆಯ ಸಂಪ್ರದಾಯವಿದೆ. ವಾರದ ಇಂಥ ದಿನ ಸಂತೆ ನಡೆಸಿಕೊಳ್ಳಿ ಎಂದು ರಾಜ ಸನ್ನದು ಕೊಡುತ್ತಿದ್ದ. ಊರಿನ ನಡುವೆ ಒಂದು ಚೌಕ, ಅಲ್ಲೊಂದು ಕಂಬವೋ ಕಾರಂಜಿಯೋ, ಪಕ್ಕದಲ್ಲಿ ಚರ್ಚು, ಒಂದು ಛತ್ರ, ಸುತ್ತಲಿನ ಹಳ್ಳಿಗಳಿಂದ ಬರುವ ತರಕಾರಿ, ಬೆಣ್ಣೆ, ದನಕರು. ಊರು ಬಿಟ್ಟು ಸಾವಿರಾರು ಮೈಲಿ ಬಂದ ಇಂಗ್ಲಿಷಿನವರು ಅಂಥದ್ದೇ ಒಂದು ಊರನ್ನು ನಮ್ಮ ನೀಲಗಿರಿಯ ಮೇಲೆ ಕಟ್ಟಿಕೊಂಡರು. ಚೇರಿಂಗ್ ಕ್ರಾಸ್ ಎಂಬ ಲಂಡನ್ನಿನ ಹೆಸರನ್ನೇ ತಂದು ಇಲ್ಲಿನ ವೃತ್ತಕ್ಕೆ ಇಟ್ಟರು. ಅಲ್ಲಿರುವ ಕಾರಂಜಿ ಮದರಾಸಿನ ಗವರ್ನರ್ ಆಗಿದ್ದು 1881ರಲ್ಲಿ ತೀರಿಕೊಂಡ ವಿಲಿಯಂ ಪ್ಯಾಟ್ರಿಕ್ ಆಡಂ ಅವರ ನೆನಪಿಗೆ ಕಟ್ಟಿಸಿದ್ದು.

ಆದರೆ ಅವರು ಬರುವ ಮೊದಲು ಬೆಟ್ಟ ಬರಿದಾಗಿತ್ತೇ? ಖಂಡಿತ ಇಲ್ಲ. ಚಾಮರಾಜನಗರದ 1117ನೇ ಇಸವಿಯ ಕನ್ನಡ ಶಾಸನವೊಂದು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ಪರಾಕ್ರಮವನ್ನು ಹೇಳುತ್ತದೆ. ಆತ ತೋದವರನ್ನು ಬೆದರಿಸಿದ, ನೀಲಾದ್ರಿಯನ್ನು ಗೆದ್ದ ಎಂಬ ಮಾತು ಅದರಲ್ಲಿದೆ. ಅಂದರೆ ಇಂಗ್ಲಿಷಿನವರು ಬರುವುದಕ್ಕೆ ಏಳುನೂರು ವರ್ಷ ಮೊದಲೇ ತೋದವರ ಹೆಸರೂ ಬೆಟ್ಟದ ಹೆಸರೂ ಕನ್ನಡದ ಕಲ್ಲಿನಲ್ಲಿ ಕೂತಿವೆ! ಮುಂದೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದ ಬೇಸಾಯಗಾರರು 'ಬಡಗರು' ಎನಿಸಿಕೊಂಡರು. ಬಡಗು ಎಂದರೆ ಉತ್ತರ ದಿಕ್ಕು. ಅವರ ಮಾತು ಕನ್ನಡದ ನೆಂಟಸ್ತಿಕೆಯದು. ಅವರ ಊರುಗಳು ಹಟ್ಟಿಗಳು. ನೀಲಗಿರಿಯ ಅತಿ ಎತ್ತರದ ಶಿಖರ 2,637 ಮೀಟರಿನದು. ಅದರ ಹೆಸರೇನು? ದೊಡ್ಡಬೆಟ್ಟ! ಇದಕ್ಕಿಂತ ಸಾಕ್ಷಿ ಬೇಕೇ?

1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಈ ಸೀಮೆ ಕಂಪನಿಯ ಪಾಲಾಯಿತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿ ಇಲ್ಲಿನ ಹವೆಗೆ ಮಾರುಹೋದ. 1821ರ ಮಾರ್ಚಿನಲ್ಲಿ ಮದರಾಸಿನ ಪತ್ರಿಕೆಗೆ ಯಾರೋ ಬರೆದ ಕಾಗದದಲ್ಲಿ ಊಟಿಯ ಹೆಸರು 'ವೊಟೊಕಿಮಂಡ್' ಎಂದು ಅಚ್ಚಾಯಿತು. 'ಮಂದು' ಎಂದರೆ ತೋದವರ ವಾಸದ ನೆಲೆ. ಊರಿನ ಹೆಸರೇ ತೋದವರದು ಎಂಬುದನ್ನು ಗಮನಿಸಿ. 1822ರ ಹೊತ್ತಿಗೆ ಸಲಿವನ್ ತೋದವರಿಂದ ಎಕರೆಗೆ ಒಂದು ರೂಪಾಯಿಯಂತೆ ನೆಲ ಕೊಂಡು ಮನೆ ಕಟ್ಟಲು ಶುರುಮಾಡಿದ. ಬೆಟ್ಟದ ಜನ ಅದನ್ನು 'ಕಲ್ ಬಂಗಲೆ' ಎಂದರು. ಇಂಗ್ಲಿಷಿನವರಿಗೆ ಅದು ಸ್ಟೋನ್ ಹೌಸ್. ಈಗ ಅದು ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ಊಟಿಯ ಕೆರೆಯನ್ನು ಕಟ್ಟಿಸಿದವನೂ ಈತನೇ. ಆಲೂಗಡ್ಡೆ, ಕೋಸು, ಹಣ್ಣಿನ ಗಿಡಗಳನ್ನು ತಂದು ನೆಟ್ಟು ನೋಡಿದ. ಒಂದು ಮಾತು ಹೇಳಲೇಬೇಕು, ಈ ನೆಲದ ಮೇಲೆ ತೋದವರಿಗೇ ಹಕ್ಕಿದೆ ಎಂದು ತನ್ನ ಸರ್ಕಾರದೊಂದಿಗೆ ವಾದ ಮಾಡಿದವನೂ ಸಲಿವನ್ನೇ. ಆದರೂ ಎಕರೆಗೆ ಒಂದು ರೂಪಾಯಿ ಎಂಬ ಲೆಕ್ಕ ಮಕ್ಕಳಿಗೆ ಹೇಳುವಾಗ ನಮ್ಮ ಬಾಯಿ ತಡವರಿಸುತ್ತದೆ.

ಈಗ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಬನ್ನಿ. ಅಡಿಗಲ್ಲು ಇಟ್ಟದ್ದು 1829ರ ಏಪ್ರಿಲ್ 23ರಂದು. ಜನರಿಗೆ ತೆರೆದದ್ದು 1831ರ ಈಸ್ಟರ್ ಹಬ್ಬಕ್ಕೆ. ಒಳಗೆ ನಿಂತು ತಲೆ ಎತ್ತಿ ನೋಡಿದರೆ ದಪ್ಪ ತೊಲೆಗಳು ಕಾಣುತ್ತವೆ. ಅವು ಎಲ್ಲಿಯವು ಗೊತ್ತೇ? ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಲಾಲ್‌ಬಾಗ್ ಅರಮನೆಯವು! ಅರಮನೆಯನ್ನು ಕೆಡವಿ, ಮರವನ್ನು ಆನೆಗಳಿಂದ ಎಳೆಸಿ ಈ ಬೆಟ್ಟಕ್ಕೆ ತಂದರು. ಸೋತ ದೊರೆಯ ಮನೆಯ ಮರ ಗೆದ್ದವರ ದೇವರ ಮನೆಯ ಸೂರಾಯಿತು. ಶ್ರೀರಂಗಪಟ್ಟಣಕ್ಕೆ ಹೋಗುವ ನಮ್ಮ ಜನ ಅಲ್ಲಿ ಉಳಿದದ್ದನ್ನು ಮಾತ್ರ ನೋಡಿ ಬರುತ್ತಾರೆ. ಅಲ್ಲಿಂದ ಹೋದದ್ದು ಇಲ್ಲಿದೆ. ಚರ್ಚಿನ ಸ್ಮಶಾನದಲ್ಲಿ ಸಲಿವನ್ನನ ಹೆಂಡತಿ ಮತ್ತು ಮಗಳ ಸಮಾಧಿಗಳಿವೆ. ಊರು ಕಟ್ಟಿದವನೂ ಇಲ್ಲಿ ಕಳೆದುಕೊಂಡು ಹೋದ.

ಮೇಷ್ಟರಾದ ನಮಗೆ ಇನ್ನೊಂದು ಸಂಗತಿ ಹೆಚ್ಚು ಕಾಡುತ್ತದೆ. 1834ರಲ್ಲಿ ಮೆಕಾಲೆ ಮದರಾಸಿನಲ್ಲಿ ಇಳಿದು, ಗವರ್ನರ್ ಜನರಲ್ ಬೆಂಟಿಂಕನನ್ನು ಕಾಣಲು ಊಟಿಗೆ ಬಂದ. ಬಂದದ್ದು ಶ್ರೀರಂಗಪಟ್ಟಣ, ಮೈಸೂರಿನ ಮೇಲೆ, ಪಲ್ಲಕ್ಕಿಯಲ್ಲಿ, ಬೋವಿಗಳ ಹೆಗಲ ಮೇಲೆ. ಮರುವರ್ಷ, 1835ರಲ್ಲಿ, ಸರ್ಕಾರದ ಹಣ ಇಂಗ್ಲಿಷ್ ವಿದ್ಯೆಗೇ ಸಲ್ಲಬೇಕು ಎಂದು ಟಿಪ್ಪಣಿ ಬರೆದ. ಕನ್ನಡ ನಾಡಿನ ನಡುವೆ ಹಾದು ಬಂದವನಿಗೆ ಹೊತ್ತವರ ಹೆಗಲಿನ ಗುರುತು ಇತ್ತು, ಅವರ ಭಾಷೆಯ ಗುರುತು ಇರಲಿಲ್ಲ. ಇವತ್ತು ಊಟಿಗೆ ಹೋಗಿ ಬಂದ ನಮ್ಮ ಹುಡುಗ "ನಮ್ಮೋರು ಏನೂ ಮಾಡಿಲ್ವಾ" ಎಂದು ಕೇಳುವುದಕ್ಕೂ ಆ ಟಿಪ್ಪಣಿಗೂ ಸಂಬಂಧವಿಲ್ಲ ಎಂದು ಹೇಳಲಾರೆವು.

ಇನ್ನು ಪೇಟೆಯ ಮಾತು. ಲಕ್ಷಾಂತರ ಜನ ನೋಡುವ ಸಸ್ಯೋದ್ಯಾನ ಹುಟ್ಟಿದ್ದು ಹೂವಿಗಾಗಿ ಅಲ್ಲ, ತರಕಾರಿಗಾಗಿ! ಊಟಿಯ ದೊರೆಗಳಿಗೆ ಕಡಿಮೆ ಬೆಲೆಗೆ ತರಕಾರಿ ಸಿಗಲೆಂದು 1845ರ ಹೊತ್ತಿಗೆ ಚಂದಾ ಎತ್ತಿ ಒಂದು ತೋಟ ಮಾಡಿದ್ದರು. 1848ರಲ್ಲಿ ಇಂಗ್ಲೆಂಡಿನಿಂದ ಬಂದ ಮೆಕೈವರ್ ಎಂಬ ತೋಟಗಾರ ಅದನ್ನು ಇಂದಿನ ಉದ್ಯಾನವಾಗಿ ಬೆಳೆಸಿದ. ಆದರೆ ತರಕಾರಿಯ ನಿಜವಾದ ತೋಟ ಎದ್ದದ್ದು ಹಟ್ಟಿಗಳ ಹೊಲದಲ್ಲಿ. ರಾಗಿ, ಸಾಮೆ ಬೆಳೆಯುತ್ತಿದ್ದ ಬಡಗರು ಆಲೂಗಡ್ಡೆ, ಕ್ಯಾರೆಟ್, ಕೋಸು ಬೆಳೆಯುವುದನ್ನು ಕಲಿತರು, ಮೂಟೆ ಹೊತ್ತು ಪೇಟೆಗೆ ತಂದರು. ದೊರೆಗಳು ಪೇಟೆಯ ನಕ್ಷೆ ಬರೆದಿರಬಹುದು, ಅದರ ತಕ್ಕಡಿಯನ್ನು ತುಂಬಿಸಿದವರು ಹಟ್ಟಿಯ ಜನ. ಹುಡುಗನ ಪ್ರಶ್ನೆಗೆ ಇದೇ ಉತ್ತರ.

1866ರಲ್ಲಿ ನಗರಸಭೆ ಬಂತು. ಆಮೇಲೆ ಊಟಿ ಮದರಾಸು ಸರ್ಕಾರದ ಬೇಸಿಗೆ ರಾಜಧಾನಿಯಾಯಿತು. ಮೈಸೂರಿನ ಮಹಾರಾಜರೂ ಫರ್ನ್‌ಹಿಲ್‌ನಲ್ಲಿ ಅರಮನೆ ಮಾಡಿಕೊಂಡರು. ಬೆಟ್ಟದ ರೈಲು 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ಬಂತು. ಹಲ್ಲಿನ ಹಳಿ ಹಿಡಿದು ಹತ್ತುವ ಈ ರೈಲು 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಗರಸಭೆಯ ಹಳೆಯ ಮಾರ್ಕೆಟ್ಟಿಗೆ ಈಗ ಕಷ್ಟಕಾಲ. ಬಾಡಿಗೆ ಬಾಕಿಯ ತಕರಾರಿನಲ್ಲಿ 2021ರಲ್ಲಿ ನೂರಾರು ಅಂಗಡಿಗಳಿಗೆ ಬೀಗ ಬಿತ್ತು. ಆಮೇಲೆ ಹಳೆಯ ಅಂಗಡಿಗಳನ್ನು ಕೆಡವಿ ಹೊಸದಾಗಿ ಕಟ್ಟುವ ಕೆಲಸ ಕೈಗೆತ್ತಿಕೊಂಡರು. ವಾಹನ ನಿಲ್ಲಲು ಜಾಗ ಬೇಕು, ಶುಚಿ ಬೇಕು, ಒಪ್ಪುತ್ತೇವೆ. ಆದರೆ ಹೊಸ ಕಟ್ಟಡದಲ್ಲಿ ಸೊಪ್ಪಿನ ಅಜ್ಜಿಗೂ ಒಂದು ಮೂಲೆ ಇರಲಿ. ಕಟ್ಟಡ ಎಷ್ಟು ಚೆಂದವಾದರೂ ಹಟ್ಟಿಯ ಮೂಟೆ ಬಾರದ ಮಾರ್ಕೆಟ್ ಮಾರ್ಕೆಟ್ಟಲ್ಲ.

ನೋಡಲು ಬರುವವರಿಗೆ ನಾಲ್ಕು ಮಾತು. ದೋಣಿ, ಚಾಕಲೇಟು, ಫೋಟೋ ಇಷ್ಟಕ್ಕೇ ಊಟಿಯನ್ನು ಮುಗಿಸಬೇಡಿ. ಬೆಳಿಗ್ಗೆ ಕಲ್ ಬಂಗಲೆಯಿಂದ ಶುರುಮಾಡಿ. ಚರ್ಚಿನ ತೊಲೆ ನೋಡಿ. ಹತ್ತಿರದಲ್ಲೇ ಇರುವ ನೀಲಗಿರಿ ಗ್ರಂಥಾಲಯವನ್ನು ಹೊರಗಿನಿಂದಾದರೂ ನೋಡಿ, 1859ರಲ್ಲಿ ಶುರುವಾದದ್ದು. ಕಮರ್ಷಿಯಲ್ ರಸ್ತೆಯಲ್ಲಿ ನಡೆದು ಚೇರಿಂಗ್ ಕ್ರಾಸಿಗೆ ಬನ್ನಿ. ಉದ್ಯಾನದ ಮೇಲ್ಗಡೆ ತೋದವರ ಮಂದು ಇದೆ. ಅಲ್ಲಿ ಮನೆಗಳಿವೆ, ಜನ ವಾಸವಾಗಿದ್ದಾರೆ, ಕೇಳದೆ ಫೋಟೋ ತೆಗೆಯಬೇಡಿ. ಹೊರಗಿನ ವಾಹನಗಳಿಗೆ 2024ರ ಮೇ ತಿಂಗಳಲ್ಲಿ ಇ-ಪಾಸ್ ಪದ್ಧತಿ ಬಂದಿದೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ನಮ್ಮೂರ ದಾರಿಯಲ್ಲಿ ಆನೆ ಕಂಡರೆ ಗಾಡಿಯಿಂದ ಇಳಿಯಬೇಡಿ. ಈ ದಾರಿ ಮೊದಲು ಅವುಗಳದು, ಆಮೇಲೆ ನಮ್ಮದು.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ, ಊಟಿಗೇ ಬಾಡಿಗೆ ಗಾಡಿ ಓಡಿಸುತ್ತಾನೆ. ಮೊನ್ನೆ ಸಿಕ್ಕಾಗ ಟಿಪ್ಪುವಿನ ತೊಲೆಯ ವಿಷಯ ಹೇಳಿದೆವು. "ಇದನ್ನ ಅವತ್ತೇ ಹೇಳಬೇಕಿತ್ತು ಸಾರ್, ಬರೋರೆಲ್ಲಾ ಕೇಳ್ತಾರೆ" ಎಂದ. ತಪ್ಪು ನಮ್ಮದೇ. ನಿಮ್ಮ ಮಕ್ಕಳು ಕೇಳುವ ಮೊದಲೇ ನೀವು ಹೇಳಿಬಿಡಿ.