ಕೋಳಿಮರಿಯ ಕರುಳು ತೀರಿಸಿದ ವಾದ

ಚೆಟ್ಟಳ್ಳಿಯ ತೋಟದ ಮನೆಯಲ್ಲಿ ಹೇಂಟೆಯೊಂದು ಕಾವಿಗೆ ಕೂತರೆ 21 ದಿನ ಅದರ ಬುಟ್ಟಿಯನ್ನು ಕದಲಿಸುವಂತಿಲ್ಲ. ಆ ದಿನಗಳಲ್ಲಿ ಮೊಟ್ಟೆಯೊಳಗೆ ಮರಿ ಹೊಸದಾಗಿ ರೂಪುಗೊಳ್ಳುತ್ತದೆಯೇ, ಅಥವಾ ಮೊದಲೇ ಅಡಗಿದ್ದ ಪುಟ್ಟ ಮರಿ ಸುಮ್ಮನೆ ದೊಡ್ಡದಾಗುತ್ತದೆಯೇ? ಹದಿನೆಂಟನೇ ಶತಮಾನದ ಯುರೋಪಿನಲ್ಲಿ ಇದು ಪಂಡಿತರ ದೊಡ್ಡ ಜಗಳವಾಗಿತ್ತು.

ಮರಿ ಮೊದಲೇ ಇರುತ್ತದೆ ಎಂಬ ಪಕ್ಷದ ಮುಂದಾಳು ಸ್ವಿಟ್ಜರ್ಲೆಂಡಿನ ಆಲ್ಬ್ರೆಕ್ಟ್ ಫಾನ್ ಹಾಲರ್. 1758ರಲ್ಲಿ ಆತ ಮುಂದಿಟ್ಟ ತರ್ಕ ಸರಳವಾಗಿತ್ತು. ಹಳದಿಯನ್ನು ಸುತ್ತಿದ ಪೊರೆ ಮರಿಯ ಕರುಳಿನ ಪೊರೆಯೊಂದಿಗೆ ಒಂದಾಗಿದೆ. ಕಾವಿಗೆ ಮುನ್ನವೇ ಹಳದಿ ಇದೆಯೆಂದ ಮೇಲೆ ಕರುಳೂ ಇರಲೇಬೇಕು. ಕರುಳಿದ್ದರೆ ಮರಿಯೂ ಇರಲೇಬೇಕು!

ಇದನ್ನು ಒಪ್ಪದವನು ಬರ್ಲಿನ್ನಿನ ತರುಣ ಕಾಸ್ಪರ್ ಫ್ರೆಡ್ರಿಕ್ ವೊಲ್ಫ್. 1767ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದ ಆತ ಹಾಲರ್‌ಗೆ ಕರುಳಿನಿಂದಲೇ ಉತ್ತರ ಕೊಟ್ಟ. ಕಾವಿಗಿಟ್ಟ ಮೊಟ್ಟೆಗಳನ್ನು ಒಡೆದು ನೋಡಿದಾಗ ಮೊದಲಿಗೆ ಕಂಡದ್ದು ನಾಳವಲ್ಲ, ಚಪ್ಪಟೆ ಹಾಳೆ. ವೀಳ್ಯದೆಲೆಯ ಎರಡು ಅಂಚುಗಳನ್ನು ಬಾಗಿಸಿ ಕೂಡಿಸಿದಂತೆ ಆ ಹಾಳೆ ಮಡಚಿ ದೋಣಿಯಾಗಿ, ಬಳಿಕ ನಾಳವಾಗುತ್ತಿತ್ತು. ಹಾಳೆಯಿಂದ ನಾಳವಾಗುವುದಾದರೆ ಮೊದಲು ಅಲ್ಲಿ ನಾಳ ಇರಲಿಲ್ಲ ಎಂದೇ ಅರ್ಥ.

1768-69ರ ಈ ಲ್ಯಾಟಿನ್ ಪ್ರಬಂಧ ಹೆಚ್ಚು ಜನರನ್ನು ತಲುಪಲಿಲ್ಲ. ವೊಲ್ಫ್ 1794ರಲ್ಲಿ ತೀರಿಕೊಂಡ. 1812ರಲ್ಲಿ ಯೋಹಾನ್ ಫ್ರೆಡ್ರಿಕ್ ಮೆಕೆಲ್ ಅದನ್ನು ಜರ್ಮನ್ ಭಾಷೆಗೆ ತಂದ ಮೇಲೆ ಅದರ ಬೆಲೆ ತಿಳಿಯಿತು. 1817ರಲ್ಲಿ ಪ್ಯಾಂಡರ್ ಕೋಳಿಯ ಭ್ರೂಣದಲ್ಲಿ ಮೂರು ಪದರಗಳನ್ನು ಗುರುತಿಸಿದ. 1828ರಲ್ಲಿ ಫಾನ್ ಬೇರ್ ಆ ಅಧ್ಯಯನವನ್ನು ಇತರ ಪ್ರಾಣಿಗಳಿಗೂ ವಿಸ್ತರಿಸಿದ. ಒಳಪದರ ಕರುಳಿನ ಒಳಮೈಯಾಗುತ್ತದೆ, ನಡುಪದರ ಅದರ ಸ್ನಾಯುವಾಗುತ್ತದೆ ಎಂಬುದು ಇಂದು ಪಠ್ಯಪುಸ್ತಕದ ಮಾತು.

ಮಡಿಕೆ ಮೊದಲು ತಲೆಯ ಕಡೆ, ಆಮೇಲೆ ಬಾಲದ ಕಡೆ ಆರಂಭವಾಗುತ್ತದೆ. ನಡುಭಾಗ ಮಾತ್ರ ತೊಟ್ಟಿನ ಮೂಲಕ ಹಳದಿಗೆ ಅಂಟಿಕೊಂಡೇ ಇರುತ್ತದೆ. ಬೆಳೆಯುತ್ತಿರುವ ಕರುಳಿಗೆ ಹೊಟ್ಟೆಯಲ್ಲಿ ಜಾಗ ಸಾಲದೆ, ಅದು ಕೆಲಕಾಲ ಹೊಕ್ಕುಳಬಳ್ಳಿಯೊಳಗೆ ಚಾಚಿಕೊಂಡು ಮರಿ ಹೊರಬರುವ ಮುನ್ನ ಒಳಸೇರುತ್ತದೆ. ಅದು ಸುರುಳಿಯಾಗುವುದೇಕೆಂಬುದನ್ನು 2011ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ತೋರಿಸಿದರು. ಕರುಳು ತನ್ನನ್ನು ಹಿಡಿದಿರುವ ಪೊರೆಗಿಂತ ಬೇಗ ಬೆಳೆಯುತ್ತದೆ. ಬಿಗಿ ದಾರಕ್ಕೆ ಹೊಲಿದ ಬಟ್ಟೆ ನೆರಿಗೆಗಟ್ಟುವಂತೆ ಸುರುಳಿ ಬೀಳುತ್ತದೆ.

ಕೊನೆಗೆ ಉಳಿದ ಹಳದಿಯೂ ಮರಿಯ ಹೊಟ್ಟೆ ಸೇರುತ್ತದೆ. ಒಂದು ದಿನದ ಮರಿಗಳು ಕಾಳು ನೀರಿಲ್ಲದೆ ದೂರದ ಊರಿಗೆ ಪಯಣಿಸುವುದು ಈ ಬುತ್ತಿಯ ಬಲದಿಂದಲೇ.

ಹಾಲರ್ ಹೇಳಿದ ಹಳದಿ-ಕರುಳಿನ ನಂಟು ಸುಳ್ಳಲ್ಲ. ಅದರಿಂದ ತೆಗೆದ ತೀರ್ಮಾನವಷ್ಟೇ ತಪ್ಪು. ಆ ನಂಟಿನ ಗುರುತು ಬೆಳೆದ ಕೋಳಿಯಲ್ಲೂ ಉಳಿಯುತ್ತದೆ. ಸಾರಿಗೆಂದು ಕೋಳಿ ಹಸನು ಮಾಡುವಾಗ ಸಣ್ಣಕರುಳಿನ ನಡುವೆ ಕಾಣುವ ಚಿಕ್ಕ ಮೊಳಕೆಯೇ ಆ ಹಳೆಯ ತೊಟ್ಟಿನ ಶೇಷ. ಶಾಸ್ತ್ರದಲ್ಲಿ ಅದಕ್ಕಿರುವುದು, ವೊಲ್ಫ್‌ನನ್ನು ಮರೆವಿನಿಂದ ಎತ್ತಿದ ಅದೇ ಮೆಕೆಲ್‌ನ ಹೆಸರು.