ಕ್ರೂಸ್‌ನ ಕೊನೆಯ ರಾತ್ರಿ: ಮೊರೊ ಕ್ಯಾಸಲ್ ಹಡಗು ಸುಟ್ಟ ಕಥೆ

ಕ್ರೂಸ್ ಪ್ರವಾಸದ ಕೊನೆಯ ದಿನ ಬೇರೆ ದಿನಗಳ ಹಾಗಿರೋದಿಲ್ಲ. ನೋಡೋಕೆ ಹೊಸ ಊರಿಲ್ಲ, ಇಳಿಯೋಕೆ ಬಂದರಿಲ್ಲ, ನಾಲ್ಕೂ ದಿಕ್ಕಿಗೆ ಬರೀ ನೀರು. ಬ್ಯಾಗ್ ತುಂಬಿ ರಾತ್ರಿ ರೂಮಿನ ಬಾಗಿಲ ಹೊರಗೆ ಇಡಬೇಕು. ಬಿಲ್ ನೋಡಿ ಎದೆ ಧಸಕ್ ಅನ್ನುತ್ತೆ. ಒಂದು ವಾರದಲ್ಲಿ ಪರಿಚಯ ಆದವರ ಹತ್ರ ನಂಬರ್ ಇಸ್ಕೋಬೇಕು. ಸಂಜೆ ಒಂದು ಫೇರ್‌ವೆಲ್ ಪಾರ್ಟಿ. ನಾಳೆ ಬೆಳಿಗ್ಗೆ ಏಳೋ ಹೊತ್ತಿಗೆ ಮನೆ ಊರು.

1934ರ ಸೆಪ್ಟೆಂಬರ್ 7, ಶುಕ್ರವಾರ. ಅಮೆರಿಕದ ಪೂರ್ವ ಕರಾವಳಿಯುದ್ದಕ್ಕೂ ಉತ್ತರಕ್ಕೆ ಹೋಗ್ತಿದ್ದ ಒಂದು ಹಡಗಿನಲ್ಲಿ 318 ಪ್ರಯಾಣಿಕರು ಇಂಥದ್ದೇ ಒಂದು ಕೊನೆಯ ದಿನ ಕಳೀತಾ ಇದ್ದರು. ಕ್ಯೂಬಾದ ಹವಾನಾದಿಂದ ವಾಪಸ್ ಬರ್ತಿದ್ದ ಆ ಹಡಗಿನ ಹೆಸರು ಮೊರೊ ಕ್ಯಾಸಲ್. ಶನಿವಾರ ಬೆಳಿಗ್ಗೆ ನ್ಯೂಯಾರ್ಕ್ ಸೇರಬೇಕಿತ್ತು. ಸೇರಲೇ ಇಲ್ಲ.

ಹಡಗಿನ ಬಗ್ಗೆ ಸ್ವಲ್ಪ ಹೇಳಿಬಿಡ್ತೀನಿ. 1930ರ ಆಗಸ್ಟ್‌ನಲ್ಲಿ ಮೊದಲ ಪ್ರಯಾಣ. 508 ಅಡಿ ಉದ್ದ. ಹವಾನಾ ಬಂದರಿನ ಬಾಯಲ್ಲಿ ಕಾವಲು ನಿಂತಿರೋ ಹಳೇ ಕೋಟೆಯ ಹೆಸರನ್ನೇ ಇದಕ್ಕೆ ಇಟ್ಟಿದ್ದರು. ವಾರ್ಡ್ ಲೈನ್ ಅನ್ನೋ ಕಂಪನಿ ಓಡಿಸ್ತಿತ್ತು. ಮೊದಲ ಪ್ರಯಾಣದಲ್ಲೇ 59 ಗಂಟೆಗಿಂತ ಕಡಿಮೆ ಹೊತ್ತಲ್ಲಿ ಹವಾನಾ ಮುಟ್ಟಿ ಹೆಸರು ಮಾಡಿತ್ತು.

ಆದರೆ 1930 ಅಂದರೆ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಜನಕ್ಕೆ ಕೆಲಸ ಇಲ್ಲ, ಬ್ಯಾಂಕುಗಳು ಮುಳುಗ್ತಿವೆ. ಅಂಥ ಕಾಲದಲ್ಲಿ ಮೋಜಿನ ಹಡಗಿಗೆ ಜನ ಎಲ್ಲಿಂದ ಬರ್ತಾರೆ? ಒಂದು, ಟಿಕೆಟ್ ದರ ಮಧ್ಯಮ ವರ್ಗದವರ ಕೈಗೆಟುಕುವಂತಿತ್ತು. ಇನ್ನೊಂದು ಕಾರಣವನ್ನು ಜಾಹೀರಾತಿನಲ್ಲಿ ಬರೆಯೋ ಅಗತ್ಯವೇ ಇರಲಿಲ್ಲ. ಆಗ ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿತ್ತು, ಹವಾನಾದಲ್ಲಿ ಇರಲಿಲ್ಲ. ವಾರದ ರಜೆಯಲ್ಲಿ ಹೋಗಿ, ಕುಡಿದು, ಕುಣಿದು, ಬಿಸಿಲು ಕಾಯಿಸಿಕೊಂಡು ಬರಬಹುದು. 1933ರ ಡಿಸೆಂಬರ್‌ನಲ್ಲಿ ಪಾನನಿಷೇಧ ಹೋಯ್ತು, ಹವಾನಾದ ಆಕರ್ಷಣೆ ಉಳೀತು. ಆ ಸೆಪ್ಟೆಂಬರ್ ಟ್ರಿಪ್‌ನಲ್ಲಿ ಶ್ರೀಮಂತರು ಮಾತ್ರ ಇದ್ದರು ಅಂದ್ಕೋಬೇಡಿ. ಬ್ರೂಕ್ಲಿನ್ ಕಡೆಯ, ಜರ್ಮನ್ ಮೂಲದ ಒಂದು ಹಾಡುಗಾರರ ಸಂಘದವರು ಮನೆಮಂದಿ ಸಮೇತ ಬಂದಿದ್ದರು. ನಮ್ಮಲ್ಲಿ ಭಜನಾ ಮಂಡಳಿಯವರು ಬಸ್ ಮಾಡ್ಕೊಂಡು ಧರ್ಮಸ್ಥಳಕ್ಕೆ ಹೋಗ್ತಾರಲ್ಲ, ಹೆಚ್ಚುಕಮ್ಮಿ ಹಾಗೆ.

ಆ ಶುಕ್ರವಾರ ಹವಾಮಾನ ಕೆಟ್ಟಿತ್ತು. ಈಶಾನ್ಯದಿಂದ ಜೋರು ಗಾಳಿ, ಮಳೆ. ಸಂಜೆ ಕ್ಯಾಪ್ಟನ್ ರಾಬರ್ಟ್ ವಿಲ್ಮಟ್‌ಗೆ ಹೊಟ್ಟೆ ಸರಿಯಿಲ್ಲ ಅಂತ ಊಟವನ್ನ ಅವನ ಕೋಣೆಗೇ ಕಳಿಸಿದ್ದರು. ಸ್ವಲ್ಪ ಹೊತ್ತಿಗೆ ಅವನು ಸತ್ತಿದ್ದ. ಹೃದಯಾಘಾತ ಅಂದರು. ಅವನ ಕೆಳಗಿನ ಅಧಿಕಾರಿ ವಿಲಿಯಂ ವಾರ್ಮ್ಸ್ ಹಡಗಿನ ಹೊಣೆ ಹೊತ್ತ. ಫೇರ್‌ವೆಲ್ ಪಾರ್ಟಿ ರದ್ದಾಯ್ತು. ಆದರೂ ಕೊನೆಯ ರಾತ್ರಿ ಅಲ್ವಾ, ರೂಮುಗಳಲ್ಲಿ ಸಣ್ಣ ಸಣ್ಣ ಗುಂಪು ಸೇರ್ಕೊಂಡು ತಡರಾತ್ರಿವರೆಗೂ ಗ್ಲಾಸ್ ಎತ್ತುತ್ತಲೇ ಇದ್ದರು.

ಬೆಳಗಿನ ಜಾವ ಸುಮಾರು 2.50. ಬಿ ಡೆಕ್‌ನಲ್ಲಿ ರೈಟಿಂಗ್ ರೂಮ್ ಅಂತ ಒಂದು ಕೋಣೆ. ಪ್ರಯಾಣಿಕರು ಕೂತು ಕಾಗದ, ಪೋಸ್ಟ್‌ಕಾರ್ಡ್ ಬರೆಯೋ ಜಾಗ. ಆ ಕಾಲದ ಇನ್‌ಸ್ಟಾ ಸ್ಟೋರಿ ಹುಟ್ತಿದ್ದದ್ದು ಅಲ್ಲೇ ಅನ್ನಿ. ಅಲ್ಲಿನ ಒಂದು ಕಪಾಟಿನೊಳಗೆ ಬೆಂಕಿ ಕಾಣಿಸಿತು. ಅರ್ಧ ಗಂಟೆಯಲ್ಲಿ ಹಡಗಿನ ನಡುಭಾಗ ಪೂರ್ತಿ ಹೊತ್ತಿ ಉರೀತಿತ್ತು.

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಕಬ್ಬಿಣದ ಹಡಗು, ಸುತ್ತ ಸಮುದ್ರದಷ್ಟು ನೀರು, ನಾಲ್ಕೇ ವರ್ಷ ಹಳೆಯದು. ಅರ್ಧ ಗಂಟೆಯಲ್ಲಿ ಹೇಗೆ ಸುಟ್ಟಿತು? ಇದಕ್ಕೆ ಉತ್ತರ ಒಂದಲ್ಲ.

ಹಡಗಿನ ಮೈ ಉಕ್ಕು, ಒಳಗಿನ ಅಲಂಕಾರ ಮರ. ಗೋಡೆಗೆಲ್ಲ ತೆಳು ಮರದ ಹಾಳೆ ಅಂಟಿಸಿ ಪಾಲಿಶ್ ಹೊಡೆದಿದ್ದರು. ಅರಮನೆ ಥರ ಕಾಣಬೇಕಲ್ಲ. ಬೆಂಕಿ ತಡೆಯೋ ಬಾಗಿಲುಗಳೇನೋ ಇದ್ದವು. ಆದರೆ ಮರದ ಚಾವಣಿಗೂ ಮೇಲಿನ ಉಕ್ಕಿಗೂ ನಡುವೆ ಸುಮಾರು ಆರು ಇಂಚಿನ ಸಂದು. ಕೆಳಗೆ ಬಾಗಿಲು ಮುಚ್ಚಿದರೂ ಬೆಂಕಿ ಮೇಲಿನ ಸಂದಿನಲ್ಲಿ ಆರಾಮಾಗಿ ಮುಂದಿನ ಕೋಣೆಗೆ ದಾಟಿಬಿಡುತ್ತೆ.

ಬೆಂಕಿ ಪತ್ತೆ ಮಾಡೋ ವಿದ್ಯುತ್ ಸೆನ್ಸರ್‌ಗಳೂ ಇದ್ದವು. ಪ್ರಯಾಣಿಕರ ರೂಮುಗಳಲ್ಲಿ, ಸರಕು ತುಂಬೋ ಜಾಗದಲ್ಲಿ, ಎಂಜಿನ್ ಕೋಣೆಯಲ್ಲಿ. ಆದರೆ ಲೌಂಜ್, ಲೈಬ್ರರಿ, ಊಟದ ಹಾಲ್, ರೈಟಿಂಗ್ ರೂಮ್‌ಗಳಲ್ಲಿ ಇರಲಿಲ್ಲ. ಅಲ್ಲಿ ಯಾವಾಗಲೂ ಯಾರಾದರೂ ಇರ್ತಾರೆ ಅಂದ್ಕೊಂಡಿರಬೇಕು. ಬೆಳಗಿನ ಜಾವ ಮೂರಕ್ಕೆ ಯಾರಿರ್ತಾರೆ?

ನೀರಿನ ಕಥೆ ಇನ್ನೂ ಬೇಜಾರು. ಹಡಗಿನಲ್ಲಿ 42 ಕಡೆ ಬೆಂಕಿ ನಂದಿಸೋ ನೀರಿನ ಪೈಪಿನ ನಲ್ಲಿಗಳಿದ್ದವು. ಆದರೆ ಒಂದೇ ಸಲಕ್ಕೆ ಆರಕ್ಕಿಂತ ಹೆಚ್ಚು ಬಳಸೋದಿಲ್ಲ ಅನ್ನೋ ಲೆಕ್ಕದಲ್ಲಿ ಪಂಪ್ ಕೂರಿಸಿದ್ದರು. ಗಾಬರಿಯಲ್ಲಿ ಸಿಬ್ಬಂದಿ ಸಿಕ್ಕ ಸಿಕ್ಕ ನಲ್ಲಿಯನ್ನೆಲ್ಲ ತಿರುಗಿಸಿದರು. ಎಲ್ಲದರಲ್ಲೂ ಪ್ರೆಷರ್ ಬಿದ್ದುಹೋಯ್ತು. ಬೇಸಿಗೆಯಲ್ಲಿ ಬೀದಿಯವರೆಲ್ಲ ಒಟ್ಟಿಗೆ ನಲ್ಲಿ ಬಿಟ್ಟಾಗ ಏನಾಗುತ್ತೆ ಅಂತ ನಿಮಗೆ ಗೊತ್ತಲ್ಲ, ಅದೇ. ಇನ್ನೂ ಒಂದಿದೆ. ಈ ಹಿಂದೆ ಫೈರ್ ಡ್ರಿಲ್ ಮಾಡಿದ್ದಾಗ ಒದ್ದೆಯಾದ ಡೆಕ್ ಮೇಲೆ ಒಬ್ಬ ಪ್ರಯಾಣಿಕ ಮಹಿಳೆ ಜಾರಿಬಿದ್ದು ದಾವೆ ಹೂಡಿದ್ದರಂತೆ. ಅದಾದ ಮೇಲೆ ಡೆಕ್‌ನ ಕೆಲವು ನಲ್ಲಿಗಳಿಗೆ ಮುಚ್ಚಳ ಹಾಕಿಸಿ, ಡ್ರಿಲ್ ಮಾಡೋದನ್ನೂ ಬಿಟ್ಟಿದ್ದರು ಅಂತ ಹೇಳ್ತಾರೆ. ಪ್ರಯಾಣಿಕರ ರಜೆಯ ಮೂಡ್ ಹಾಳಾಗಬಾರದು ನೋಡಿ.

ಇದೆಲ್ಲದರ ಮೇಲೆ ಗಾಳಿ. ಹಡಗು ಗಂಟೆಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಗೇ ನುಗ್ತಾ ಇತ್ತು. ಬೆಂಕಿ ಗೊತ್ತಾದ ಮೇಲೂ ಕೆಲ ಹೊತ್ತು ಹಾಗೇ ನಡೀತು. ಅಂದರೆ ಒಲೆಗೆ ತಿದಿ ಒತ್ತಿದ ಹಾಗೆ. ಆಮೇಲೆ ಕರೆಂಟ್ ಹೋಯ್ತು. ಕತ್ತಲು, ಹೊಗೆ, ಮಳೆ.

ಈಗ ರೇಡಿಯೊ ರೂಮ್. ಮುಖ್ಯ ಆಪರೇಟರ್ ಜಾರ್ಜ್ ರಾಜರ್ಸ್. ಕ್ಯಾಪ್ಟನ್ ಅಪ್ಪಣೆ ಇಲ್ಲದೆ ಎಸ್‌ಒಎಸ್ ಕಳಿಸೋ ಹಾಗಿಲ್ಲ. ಅವನ ಸಹಾಯಕ ಹೊಗೆಯಲ್ಲಿ ಓಡೋಡಿ ಬ್ರಿಡ್ಜ್‌ಗೆ ಹೋಗಿ ಕೇಳ್ತಾನೆ, ಉತ್ತರ ಸಿಗೋದಿಲ್ಲ. ಮತ್ತೆ ಹೋಗ್ತಾನೆ. ಕೊನೆಗೂ ಎಸ್‌ಒಎಸ್ ಹೊರಟಿದ್ದು 3 ಗಂಟೆ 20 ನಿಮಿಷ ದಾಟಿದ ಮೇಲೆ. ಕಾಲ ಕೆಳಗಿನ ನೆಲ ಕಾಯ್ತಿದ್ದರೂ ರಾಜರ್ಸ್ ಸಂದೇಶ ಕಳಿಸ್ತಾ ಕೂತಿದ್ದ. ಈ ಹೆಸರು ನೆನಪಿಟ್ಕೊಳ್ಳಿ, ಮತ್ತೆ ಬರ್ತಾನೆ.

ಬೆಂಕಿ ನಡುವೆ ಹೊತ್ತಿದ್ದರಿಂದ ಹಡಗಿನ ಜನ ಎರಡು ಪಾಲಾದರು. ಪ್ರಯಾಣಿಕರಲ್ಲಿ ಹೆಚ್ಚಿನವರು ಹಿಂಭಾಗದಲ್ಲಿ ಸಿಕ್ಕಿಬಿದ್ದರು, ಸಿಬ್ಬಂದಿಯಲ್ಲಿ ಹಲವರು ಮುಂಭಾಗದಲ್ಲಿ. ಲೈಫ್‌ಬೋಟ್ ಹನ್ನೆರಡಿದ್ದವು, ನೀರಿಗೆ ಇಳಿದದ್ದು ಆರು. ಆ ಆರರಲ್ಲಿ 408 ಜನ ಕೂರಬಹುದಿತ್ತು, ಕೂತಿದ್ದವರು 85. ಅವರಲ್ಲೂ ಹೆಚ್ಚಿನವರು ಸಿಬ್ಬಂದಿ. ಮುಖ್ಯ ಎಂಜಿನಿಯರ್ ಈಬನ್ ಅಬಟ್ ಕೂಡ ಒಂದರಲ್ಲಿದ್ದ. ಈ ಎರಡು ಅಂಕಿಗಳನ್ನ ಮೊದಲ ಸಲ ಓದಿದಾಗ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಹಿಂಭಾಗದಲ್ಲಿದ್ದವರಿಗೆ ದಾರಿ ಒಂದೇ. ಕಾಲ ಕೆಳಗೆ ಕಾದ ಡೆಕ್, ಎದುರಿಗೆ ಕಪ್ಪು ಸಮುದ್ರ. ಹಾರಿದರು. ಲೈಫ್ ಜಾಕೆಟ್ ಹಾಕ್ಕೊಂಡು ಹೇಗೆ ಹಾರಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟು ಎತ್ತರದಿಂದ ನೀರಿಗೆ ಬಿದ್ದಾಗ ಆ ಗಟ್ಟಿ ಜಾಕೆಟ್ ಮೇಲಕ್ಕೆ ಒತ್ತಿ ಗಲ್ಲಕ್ಕೆ ಬಡಿಯುತ್ತೆ. ಕೆಲವರಿಗೆ ಅಲ್ಲೇ ಪ್ರಜ್ಞೆ ತಪ್ಪಿತು, ಕೆಲವರ ಕತ್ತು ಮುರೀತು. ಉಳಿಸಬೇಕಾದ ಜಾಕೆಟ್ಟೇ ಕೊಂದಿತು. ಹಾರುವ ಮುಂಚೆ ಜಾಕೆಟ್ಟನ್ನ ಎರಡೂ ಕೈಯಲ್ಲಿ ಕೆಳಕ್ಕೆ ಬಿಗಿಯಾಗಿ ಹಿಡಿದುಕೊಳ್ಳಬೇಕು. ಇಷ್ಟು ಹೇಳಿಕೊಡೋಕೆ ಒಂದು ನಿಮಿಷ ಸಾಕಿತ್ತು.

ದಡ ಕೆಲವೇ ಮೈಲಿ ದೂರದಲ್ಲಿತ್ತು. ನ್ಯೂಜೆರ್ಸಿ ಕರಾವಳಿಯ ಜನರಿಗೆ ಉರಿಯೋ ಹಡಗು ಕಾಣ್ತಿತ್ತು. ಮೀನುಗಾರರು ಆ ಅಬ್ಬರದಲ್ಲೂ ದೋಣಿ ಇಳಿಸಿದರು. ಪ್ಯಾರಾಮೌಂಟ್ ಅನ್ನೋ ಒಂದೇ ಮೀನುಗಾರಿಕೆ ದೋಣಿ 67 ಜನರನ್ನ ಎತ್ತಿಕೊಂಡಿತು. ಮೊನಾರ್ಕ್ ಆಫ್ ಬರ್ಮುಡಾ ಅನ್ನೋ ದೊಡ್ಡ ಹಡಗು ಉಳಿಸಿದ್ದು 71 ಜನರನ್ನ. ಅಂದರೆ ಊರಿನ ಮೀನುಗಾರರು ದೊಡ್ಡ ಹಡಗಿಗೆ ಸರಿಸಮ. 2018ರ ಕೇರಳ ಪ್ರವಾಹದಲ್ಲಿ ಕಡಲಿನ ದೋಣಿ ಲಾರಿ ಮೇಲೆ ಹೇರ್ಕೊಂಡು ಬಂದ ಮೀನುಗಾರರನ್ನ ನೋಡಿದ ನಮಗೆ ಇದರಲ್ಲಿ ಆಶ್ಚರ್ಯ ಇಲ್ಲ. ನ್ಯೂಜೆರ್ಸಿಯ ಗವರ್ನರ್ ಹ್ಯಾರಿ ಮೂರ್ ಚಿಕ್ಕ ವಿಮಾನದಲ್ಲಿ ಕೆಳಮಟ್ಟದಲ್ಲಿ ಹಾರಿ, ನೀರಿನಲ್ಲಿ ತೇಲ್ತಿದ್ದವರು ಎಲ್ಲಿದ್ದಾರೆ ಅಂತ ದೋಣಿಗಳಿಗೆ ಗುರುತು ತೋರಿಸಿದ.

ಸತ್ತವರು 137. ಹಡಗಿನಲ್ಲಿದ್ದ ಒಟ್ಟು ಜನ 549.

ಉರಿಯುತ್ತಲೇ ಇದ್ದ ಹಡಗನ್ನ ಕೋಸ್ಟ್ ಗಾರ್ಡ್‌ನವರು ಎಳೆದೊಯ್ಯೋಕೆ ನೋಡಿದರು, ಹಗ್ಗ ಕಡೀತು. ಶನಿವಾರ ಸಂಜೆ ಅದು ತೇಲ್ತಾ ಬಂದು ಆಸ್ಬರಿ ಪಾರ್ಕ್ ಅನ್ನೋ ಪ್ರವಾಸಿ ಊರಿನ ಬೀಚಿಗೆ, ಕನ್ವೆನ್ಷನ್ ಹಾಲ್ ಪಕ್ಕದಲ್ಲೇ ಕೂತಿತು. ಆ ಹಾಲ್‌ನೊಳಗೆ ಒಂದು ರೇಡಿಯೊ ಸ್ಟೇಷನ್ ಇತ್ತು. ಈ ದುರಂತದ ಸುದ್ದಿ ಹೇಳ್ತಿದ್ದ ಅನೌನ್ಸರ್ ಕಿಟಕಿಯಾಚೆ ನೋಡ್ತಾನೆ, ಅದೇ ಹಡಗು ಸೀದಾ ಸ್ಟುಡಿಯೊ ಕಡೆಗೆ ಬರ್ತಿದೆ!

ಮುಂದಿನದು ಹೇಳೋಕೆ ಸ್ವಲ್ಪ ನಾಚಿಕೆ ಆಗುತ್ತೆ. ಮರುದಿನದಿಂದ ಜನಸಾಗರ. ಸಾವಿರಾರು ಜನ ಬಂದು ನೋಡಿದರು, ಹಡಗಿನ ಚಿತ್ರದ ಪೋಸ್ಟ್‌ಕಾರ್ಡ್ ಮಾರಾಟ ಆದವು. ಬೇಸಿಗೆ ಸೀಸನ್ ಮುಗಿದು ಮಂಕಾಗಬೇಕಿದ್ದ ಊರಿಗೆ ವ್ಯಾಪಾರ ಬಂತು. ಹಡಗನ್ನ ಅಲ್ಲೇ ಪ್ರವಾಸಿ ತಾಣ ಮಾಡಿದರೆ ಹೇಗೆ ಅಂತ ಊರಿನವರು ಯೋಚಿಸಿದ್ದೂ ಉಂಟು. ಅಪಘಾತದ ಜಾಗದಲ್ಲಿ ಫೋನ್ ಎತ್ತಿ ವಿಡಿಯೊ ಮಾಡೋರನ್ನ ಕಂಡಾಗ, ಕಾಲ ಕೆಟ್ಟೋಯ್ತು ಅಂತಾರೆ ದೊಡ್ಡವರು. ಇಲ್ಲ, ಆಗ ಫೋನ್ ಇರಲಿಲ್ಲ ಅಷ್ಟೆ. 1935ರ ಮಾರ್ಚ್‌ನಲ್ಲಿ ಹಡಗನ್ನ ಎಳೆದುಕೊಂಡು ಹೋಗಿ ಗುಜರಿಗೆ ಹಾಕಿದರು.

ಸರಿ, ತಪ್ಪು ಯಾರದು? 1936ರಲ್ಲಿ ಕೋರ್ಟ್ ಹಂಗಾಮಿ ಕ್ಯಾಪ್ಟನ್ ವಾರ್ಮ್ಸ್‌ಗೆ ಎರಡು ವರ್ಷ, ಎಂಜಿನಿಯರ್ ಅಬಟ್‌ಗೆ ನಾಲ್ಕು ವರ್ಷ ಜೈಲು ಅಂದಿತು. ಕಂಪನಿಯ ಉಪಾಧ್ಯಕ್ಷನಿಗೆ ದಂಡ, ಅಮಾನತಿನಲ್ಲಿಟ್ಟ ಶಿಕ್ಷೆ. ಮರುವರ್ಷ ಮೇಲ್ಮನವಿಯಲ್ಲಿ ವಾರ್ಮ್ಸ್, ಅಬಟ್ ಇಬ್ಬರ ಶಿಕ್ಷೆಯೂ ರದ್ದಾಯ್ತು. ಆಗಲೇ ಸತ್ತುಹೋಗಿದ್ದ ಕ್ಯಾಪ್ಟನ್ ವಿಲ್ಮಟ್ ಮೇಲೂ ಸಾಕಷ್ಟು ಹೊಣೆ ಬಿತ್ತು. ಅವನ ಶವ ಹಡಗಿನ ಜೊತೆಗೇ ಸುಟ್ಟುಹೋಗಿದ್ದರಿಂದ ಮರಣೋತ್ತರ ಪರೀಕ್ಷೆಗೂ ಏನೂ ಉಳಿದಿರಲಿಲ್ಲ.

ಇನ್ನು ರೇಡಿಯೊ ಆಪರೇಟರ್ ರಾಜರ್ಸ್. ಮೊದಲು ಅವನು ಹೀರೋ ಆದ, ವೇದಿಕೆ ಹತ್ತಿ ತನ್ನ ಕಥೆ ಹೇಳಿದ. ಆಮೇಲೆ ಬೇಯೋನ್ ಅನ್ನೋ ಊರಿನ ಪೊಲೀಸ್ ಇಲಾಖೆ ಸೇರಿದ. 1938ರಲ್ಲಿ ಅಲ್ಲಿನ ತನ್ನ ಮೇಲಧಿಕಾರಿಗೆ ಅಕ್ವೇರಿಯಂ ಹೀಟರ್ ರೂಪದಲ್ಲಿ ಬಾಂಬ್ ಇಟ್ಟು ಜೈಲಿಗೆ ಹೋದ. ಆ ಅಧಿಕಾರಿ ಬದುಕಿದ, ಬೆರಳು ಕಳ್ಕೊಂಡ. ಯುದ್ಧದ ಕಾಲದಲ್ಲಿ ರಾಜರ್ಸ್ ಹೊರಬಂದ. 1953ರಲ್ಲಿ ನೆರೆಮನೆಯ ತಂದೆ ಮಗಳನ್ನ ಕೊಂದ. 1958ರಲ್ಲಿ ಜೈಲಿನಲ್ಲೇ ಸತ್ತ. ಇಂಥವನು ಹಡಗಿನಲ್ಲಿದ್ದ ಅಂದ ಮೇಲೆ ಬೆಂಕಿ ಇಟ್ಟಿದ್ದೂ ಇವನೇ, ಕ್ಯಾಪ್ಟನ್‌ಗೆ ವಿಷ ಹಾಕಿದ್ದೂ ಇವನೇ ಅಂತ ಎಷ್ಟೋ ಜನ ಬರೆದರು. ಯಾವುದೂ ಸಾಬೀತಾಗಲಿಲ್ಲ. ಬೆಂಕಿ ಹೇಗೆ ಹತ್ತಿತು ಅನ್ನೋದು ಇವತ್ತಿಗೂ ಇತ್ಯರ್ಥ ಆಗಿಲ್ಲ.

ಯೂಟ್ಯೂಬ್‌ನಲ್ಲಿ ಈ ಹಡಗಿನ ಹೆಸರು ಹುಡುಕಿ ನೋಡಿ, ಬರೋದೆಲ್ಲ ರಾಜರ್ಸ್ ಕಥೆ. ಕ್ರೈಮ್ ಥ್ರಿಲ್ಲರ್ ಅಲ್ವಾ, ವ್ಯೂಸ್ ಬರುತ್ತೆ. ನನಗೆ ಮಾತ್ರ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಬೆಂಕಿ ರಾಜರ್ಸೇ ಇಟ್ಟ ಅಂತಲೇ ಇಟ್ಕೊಳ್ಳೋಣ. ಚಾವಣಿಯಲ್ಲಿ ಆರು ಇಂಚು ಸಂದು ಬಿಟ್ಟಿದ್ದು ಅವನಲ್ಲ. 42 ನಲ್ಲಿಗೆ ಆರರ ಪಂಪ್ ಕೂರಿಸಿದ್ದು ಅವನಲ್ಲ. ಅರ್ಧ ಖಾಲಿಗಿಂತ ಖಾಲಿಯಾಗಿ ಹೋದ ಬೋಟುಗಳಲ್ಲಿ ಅವನಿರಲಿಲ್ಲ. ಒಬ್ಬ ಕೇಡಿ ಸಿಕ್ಕಿಬಿಟ್ಟರೆ ಉಳಿದವರೆಲ್ಲ ನಿಟ್ಟುಸಿರು ಬಿಡಬಹುದು, ಅದೇ ಈ ಥ್ರಿಲ್ಲರ್‌ನ ಅನುಕೂಲ.

ಅಮೆರಿಕದ ಸರ್ಕಾರವೂ ಕೊನೆಗೆ ಕೇಡಿಯನ್ನ ಹುಡುಕುತ್ತಾ ಕೂರಲಿಲ್ಲ. ಬೆಂಕಿ ಹತ್ತದ ಸಾಮಗ್ರಿ, ತಾವಾಗೇ ಮುಚ್ಚಿಕೊಳ್ಳೋ ಬಾಗಿಲು, ಇಡೀ ಹಡಗಿಗೆ ಕೇಳಿಸೋ ಅಲಾರಂ, ಕಡ್ಡಾಯ ಡ್ರಿಲ್. ಈ ಥರದ ನಿಯಮಗಳು ಬಿಗಿಯಾಗಿದ್ದು ಈ ದುರಂತದ ನಂತರ. 1952ರಲ್ಲಿ ಓಡಾಟ ಶುರು ಮಾಡಿದ ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್ ಹಡಗಿನ ವಿನ್ಯಾಸಕ ವಿಲಿಯಂ ಗಿಬ್ಸ್ ಮರ ಅಂದರೆ ಉರಿದುಬೀಳ್ತಿದ್ದ. ಆ ಹಡಗಿನಲ್ಲಿ ಮರ ಅಂತ ಇದ್ದದ್ದು ಪಿಯಾನೊಗಳಲ್ಲಿ, ಮತ್ತೆ ಅಡುಗೆಮನೆಯಲ್ಲಿ ಮಾಂಸ ಕತ್ತರಿಸೋ ದಿಮ್ಮಿಯಲ್ಲಿ ಮಾತ್ರ ಅಂತ ಹೆಸರಾಗಿತ್ತು.

ಡ್ರಿಲ್ ವಿಷಯ ಮಾತ್ರ ಅಲ್ಲಿಗೇ ಮುಗೀಲಿಲ್ಲ. ಹಡಗು ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕು ಅಂತ ಅಂತಾರಾಷ್ಟ್ರೀಯ ನಿಯಮ ಇತ್ತು. 2012ರ ಜನವರಿ 13ರಂದು ಇಟಲಿಯಲ್ಲಿ ಕೋಸ್ಟಾ ಕಾನ್ಕಾರ್ಡಿಯಾ ಬಂಡೆಗೆ ಬಡಿದಾಗ ಅದೇ ದಿನ ಹತ್ತಿದ್ದವರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಅಲ್ಲಿ 32 ಜನ ಸತ್ತರು. 2015ರ ಜನವರಿಯಿಂದ ನಿಯಮ ಬದಲಾಯ್ತು: ಹಡಗು ಹೊರಡೋ ಮುಂಚೆ, ಅಥವಾ ಹೊರಟ ಕೂಡಲೇ.

ನಾನು ಮುಂಬೈನಿಂದ ಕ್ರೂಸ್‌ಗೆ ಹೋಗಿದ್ದಾಗ ಈ ಡ್ರಿಲ್‌ನಲ್ಲಿ ಅರ್ಧ ಜನ ರೀಲ್ಸ್ ಮಾಡ್ತಿದ್ದರು, ಒಬ್ಬರು ಅಂಕಲ್ ಬಫೆ ಎಷ್ಟೊತ್ತಿಗೆ ಅಂತ ಕೇಳ್ತಿದ್ದರು. ಲೈಫ್ ಜಾಕೆಟ್ ಹಾಕಿ ತೋರಿಸ್ತಿದ್ದ ಹುಡುಗಿ ಕೊನೆಗೆ ಎರಡೂ ಕೈಯಲ್ಲಿ ಜಾಕೆಟ್ಟನ್ನ ಎದೆಗೆ ಒತ್ತಿ ಹಿಡಿದು, ನೀರಿಗೆ ಇಳಿಯಬೇಕಾಗಿ ಬಂದರೆ ಹೀಗೆ ಹಿಡ್ಕೊಳ್ಳಿ ಅಂದಳು. ನಾಲ್ಕು ಸೆಕೆಂಡಿನ ಮಾತು. ಯಾರೂ ತಲೆ ಎತ್ತಲಿಲ್ಲ.