ಪುಳಿಮುಂಚಿ ಎಂಬ ಹೆಸರು

ಪುಳಿಮುಂಚಿ ತುಳುವಿನ ಜೋಡುಪದ. ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು. ಮಂಗಳೂರು, ಉಡುಪಿ ಸೀಮೆಯಲ್ಲಿ ಬಂಗುಡೆ, ಬೂತಾಯಿಯಂಥ ಮೀನನ್ನು ಹುಣಸೆಹುಳಿ ಮತ್ತು ಹುರಿದ ಒಣಮೆಣಸಿನ ಮಸಾಲೆಯಲ್ಲಿ ಬೇಯಿಸಿ ಮಾಡುವ ಗಟ್ಟಿ ಕೆಂಪು ಪದಾರ್ಥಕ್ಕೆ ಈ ಹೆಸರು. ಮೀನಡುಗೆಯ ಹೆಸರಾದರೂ ಇದರೊಳಗೆ ಮೀನಿನ ಪ್ರಸ್ತಾಪವೇ ಇಲ್ಲ. ಬಂಗುಡೆ ಪುಳಿಮುಂಚಿ, ಬೂತಾಯಿ ಪುಳಿಮುಂಚಿ ಎಂದು ಮೀನಿನ ಹೆಸರನ್ನು ಮುಂದೆ ಸೇರಿಸಿಯೇ ಹೇಳಬೇಕು. ನಾಲಿಗೆಗೆ ಮೊದಲು ತಾಗುವ ಎರಡು ರುಚಿಗಳನ್ನಷ್ಟೇ ಹೇಳಿ ಸುಮ್ಮನಾಗುವ ಈ ಪದ ಮೀನು ಬದಲಾದಂತೆಲ್ಲ ತಾನೂ ಹೊಂದಿಕೊಳ್ಳುತ್ತದೆ.

ಪುಳಿ ಕನ್ನಡಕ್ಕೂ ಹೊರಗಿನದಲ್ಲ. ಹಳಗನ್ನಡದಲ್ಲಿ ಅದು ಪುಳಿಯೇ ಆಗಿತ್ತು. ಪಾಲು ಹಾಲಾದಂತೆ, ಪೂ ಹೂವಾದಂತೆ ಪುಳಿಯೂ ಕಾಲಕ್ರಮದಲ್ಲಿ ಹುಳಿಯಾಯಿತು. ತುಳು, ತಮಿಳು, ಮಲಯಾಳಂ ಪಕಾರವನ್ನು ಉಳಿಸಿಕೊಂಡವು. ಮೊದಲು ರುಚಿಯ ಹೆಸರಾಗಿದ್ದುದು ಆಮೇಲೆ ಆ ರುಚಿ ಕೊಡುವ ಹಣ್ಣಿಗೆ, ಅಲ್ಲಿಂದ ಅದು ಬೀಳುವ ಅಡುಗೆಗೆ ಹರಿದಿದೆ. ಹಳೇ ಮೈಸೂರಿನ ಮನೆಗಳಲ್ಲಿ ಹುಳಿ ಎಂದರೆ ಬೇಳೆ, ತರಕಾರಿ ಬೆಂದ ಅನ್ನದ ಜೊತೆಗಾರ. ಕರಾವಳಿಯಲ್ಲಿ ‘ಹುಳಿ ಹಾಕಿದ್ದೀಯಾ?’ ಎಂದರೆ ಹುಣಸೆಹಣ್ಣಿನ ವಿಚಾರ. ಮುರುಗಲು ಹಣ್ಣು ದಕ್ಷಿಣ ಕನ್ನಡದಲ್ಲಿ ಪುನರ್ಪುಳಿಯಾಗಿದೆ, ಗೊಂಚಲುಗೊಂಚಲಾಗಿ ಕಾಂಡಕ್ಕೇ ಅಂಟಿ ಬಿಡುವ ಕಾಯಿ ಬಿಂಬುಳಿಯಾಗಿದೆ. ಹೋಟೆಲಿನ ಪಟ್ಟಿ ರೋಮನ್ ಲಿಪಿಯಲ್ಲಿದ್ದಾಗ ಮಾತ್ರ ಈ ಪದಕ್ಕೆ ಪೆಟ್ಟು ಬೀಳುತ್ತದೆ. ಆ ಲಿಪಿಯಲ್ಲಿ ಳಕಾರವಿಲ್ಲದ ಕಾರಣ ಹೊರಗಿನವರು ಪುಲಿಮುಂಚಿ ಎಂದುಬಿಡುತ್ತಾರೆ. ಹಳಗನ್ನಡದಲ್ಲಿ ಪುಲಿ ಎಂದರೆ ಕಾಡಿನ ಹುಲಿ.

ಮುಂಚಿಯ ಕಥೆ ಇನ್ನೂ ದೊಡ್ಡದು. ಇಂದು ತುಳುವರು ಮುಂಚಿ ಎಂದರೆ ಕೆಂಪು ಒಣಮೆಣಸು ಎಂದೇ ತಿಳಿಯುತ್ತಾರೆ. ಆದರೆ ಆ ಗಿಡದ ಮೂಲ ಅಮೆರಿಕ ಖಂಡ. ವಾಸ್ಕೊ ಡ ಗಾಮ ಕೋಳಿಕ್ಕೋಡಿಗೆ ಬಂದಿಳಿದದ್ದು 1498ರಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಈ ಕೆಂಪು ಕಾಯಿ ಅವರ ಹಡಗುಗಳ ವ್ಯಾಪಾರದೊಂದಿಗೆ ಬಂದದ್ದು. ಅದಕ್ಕೂ ಹಿಂದೆ ಕರಾವಳಿಯ ಅಡುಗೆಗೆ ಖಾರ ಕೊಡುತ್ತಿದ್ದುದು ಘಟ್ಟದ ಬಳ್ಳಿಯಲ್ಲಿ ಬಿಡುವ ಕಾಳುಮೆಣಸು. ಹೊಸ ಕಾಯಿಗೆ ಜನ ಹೊಸ ಹೆಸರು ಹುಡುಕಲಿಲ್ಲ, ಖಾರದ ಹಳೆಯ ಹೆಸರನ್ನೇ ಕೊಟ್ಟರು. ಬಯಲುಸೀಮೆಯ ಕನ್ನಡ ಅದನ್ನು ಮೆಣಸಿನಕಾಯಿ ಎಂದಿತು, ಕರಾವಳಿಯ ಕನ್ನಡ ಬರೀ ಮೆಣಸು ಎಂದಿತು. ಹೀಗೆ ಹೆಸರು ಬಿಟ್ಟುಕೊಟ್ಟ ಹಳೆಯ ಕಾಳಿಗೆ ಗುರುತಿಗೊಂದು ವಿಶೇಷಣ ಬೇಕಾಯಿತು. ತುಳುವಿನಲ್ಲಿ ಅದು ಎಡ್ಡೆಮುಂಚಿಯಾಯಿತು, ಕರಾವಳಿ ಕನ್ನಡದಲ್ಲಿ ಒಳ್ಳೆಮೆಣಸು, ಮಲಯಾಳಂನಲ್ಲಿ ನಲ್ಲಮುಳಗು. ಮೂರರಲ್ಲೂ ವಿಶೇಷಣ ಒಂದೇ: ಒಳ್ಳೆಯದು. ಬಂದವನಿಗೆ ಮನೆಯ ಹೆಸರು ಹೋದರೂ ಹಳಬನ ಮೇಲಿನ ಗೌರವ ಈ ಭಾಷೆಗಳಲ್ಲಿ ಕಳೆಯಲಿಲ್ಲ. ಕಾಳುಮೆಣಸನ್ನು ಅರಸಿ ಬಂದ ವ್ಯಾಪಾರವೇ ಅದರ ಹೆಸರನ್ನು ಇನ್ನೊಂದಕ್ಕೆ ಹಚ್ಚಿಸಿತು ಎಂಬುದು ಈ ತೀರದ ಚರಿತ್ರೆಯ ದೊಡ್ಡ ತಿರುವು.

ಪುಳಿಮುಂಚಿಯ ಮಸಾಲೆಯಲ್ಲಿ ಈ ಹಳಬ, ಹೊಸಬ ಇಬ್ಬರೂ ಒಟ್ಟಿಗೇ ಇದ್ದಾರೆ. ಒಣಮೆಣಸು, ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತೆ, ಒಳ್ಳೆಮೆಣಸು ಇವನ್ನು ಹದವಾಗಿ ಹುರಿದು, ಬೆಳ್ಳುಳ್ಳಿ, ಅರಿಸಿನ, ಹುಣಸೆಹುಳಿ ಸೇರಿಸಿ ನುಣ್ಣಗೆ ಅರೆಯುತ್ತಾರೆ. ಕೆಲವು ಮನೆಗಳಲ್ಲಿ ಚಿಟಿಕೆ ಓಮವೂ ಬೀಳುತ್ತದೆ. ಮೆಣಸು ಸಾಮಾನ್ಯವಾಗಿ ಬ್ಯಾಡಗಿಯದು. ಹಾವೇರಿ ಜಿಲ್ಲೆಯ ಆ ಊರಿನ ಹೆಸರು ಹೊತ್ತ, ಮೈಯೆಲ್ಲ ಸುಕ್ಕುಗಟ್ಟಿದ ಈ ಮೆಣಸಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಖಾರ ಕಡಿಮೆಯಾದ್ದರಿಂದಲೇ ಕೈತುಂಬ ಮೆಣಸು ಹಾಕಿದರೂ ಪದಾರ್ಥ ಬಾಯಿ ಸುಡದೆ ಬರೀ ಕೆಂಪೇರುತ್ತದೆ. ಮಣ್ಣಿನ ಅಳಗೆಯಲ್ಲಿ ಮಸಾಲೆ ಕುದಿದು ಹಸಿವಾಸನೆ ಹೋದ ಮೇಲೆ ಶುಂಠಿ, ಹಸಿಮೆಣಸು, ಕೊನೆಗೆ ಮೀನು. ಮೀನು ಬಿದ್ದ ಮೇಲೆ ಸೌಟು ಆಡಿಸುವಂತಿಲ್ಲ, ಅಳಗೆಯನ್ನೇ ಹಿಡಿದು ಅಲುಗಿಸಬೇಕು. ಸಾಂಪ್ರದಾಯಿಕ ಪುಳಿಮುಂಚಿಗೆ ತೆಂಗಿನಕಾಯಿ ಇಲ್ಲ. ಕಾಯಿ ಅರೆದು ಹಾಕಿದರೆ ಅದು ಗಸಿಯ ಕಡೆಗೆ ವಾಲುತ್ತದೆ, ಹೆಸರೂ ಬದಲಾಗುತ್ತದೆ.

ಹುಳಿಗೆ ಇಲ್ಲಿ ರುಚಿಯಾಚೆಗೂ ಕೆಲಸವಿದೆ. ಕಡಲ ಮೀನಿನ ದೇಹದಲ್ಲಿರುವ ಒಂದು ಸಂಯುಕ್ತ, ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳಿಂದ ಒಡೆದು ಟ್ರೈಮೀಥೈಲಮೀನ್ ಆಗುತ್ತದೆ. ಮೀನಿನ ಘಾಟು ಬಹುಪಾಲು ಇದರದೇ. ಇದು ಕ್ಷಾರ ಗುಣದ್ದು. ಹುಣಸೆಯ ಟಾರ್ಟಾರಿಕ್ ಆಮ್ಲ ಸೇರಿದಾಗ ಅದು ಲವಣವಾಗಿ ಬದಲಾಗಿ ಗಾಳಿಗೆ ಏಳದೆ ಅಳಗೆಯಲ್ಲೇ ಉಳಿಯುತ್ತದೆ. ಬಂಗುಡೆ, ಬೂತಾಯಿಗಳ ಮೈಯಲ್ಲಿ ಎಣ್ಣೆಯ ಅಂಶವೂ ಹೆಚ್ಚು. ಅದರ ಜಿಡ್ಡನ್ನು ಹುಳಿ ಕತ್ತರಿಸುತ್ತದೆ, ಮೆಣಸಿನ ಬಣ್ಣವನ್ನು ಆ ಎಣ್ಣೆ ತನ್ನೊಳಗೆ ಎಳೆದುಕೊಳ್ಳುತ್ತದೆ. ಒಂದು ರಾತ್ರಿ ಕಳೆದ ಪುಳಿಮುಂಚಿಯನ್ನು ಬೆಳಗಿನ ನೀರುದೋಸೆಗೆ ಕಾಯುವವರು ಕರಾವಳಿಯಲ್ಲಿ ಬೇಕಾದಷ್ಟು ಜನ. ಆದರೆ ಹಳಸಿದ ಮೀನನ್ನು ಹುಳಿ ಉಳಿಸುವುದಿಲ್ಲ. ಬಿಸಿಲಲ್ಲಿ ಬಿದ್ದ ಬಂಗುಡೆಯಲ್ಲಿ ಹುಟ್ಟುವ ಹಿಸ್ಟಮಿನ್ ಕುದಿಸಿದರೂ ನಾಶವಾಗದು. ಕಿವಿರು ಎತ್ತಿ ಕೆಂಪು ನೋಡಿ ಕೊಳ್ಳುವ ಅಭ್ಯಾಸ ಬಿಡಬಾರದು.

ಮೀನುಗಳ ಹೆಸರೂ ತೀರದ ಉದ್ದಕ್ಕೆ ಬದಲಾಗುತ್ತ ಹೋಗುತ್ತವೆ. ಮಂಗಳೂರಿನ ಬೂತಾಯಿ ಕುಂದಾಪುರದಲ್ಲಿ ಬೈಗೆ, ಕಾರವಾರದ ಕಡೆ ತಾರ್ಲೆ, ಕೇರಳದಲ್ಲಿ ಮತ್ತಿ ಅಥವಾ ಚಾಳ. ಬಂಗುಡೆ ಕೊಂಕಣಿಯಲ್ಲಿ ಬಾಂಗ್ಡೊ, ಮರಾಠಿಯಲ್ಲಿ ಬಾಂಗಡಾ, ಮಲಯಾಳಂನಲ್ಲಿ ಅಯಿಲ. ಅದರ ವೈಜ್ಞಾನಿಕ ಹೆಸರಾದ ರಾಸ್ಟ್ರೆಲ್ಲಿಗರ್ ಕಾನಗುರ್ತದ ಎರಡನೆಯ ಭಾಗ ತೆಲುಗಿನದು. ನಿಸರ್ಗಶಾಸ್ತ್ರಜ್ಞ ಪ್ಯಾಟ್ರಿಕ್ ರಸೆಲ್ ವಿಶಾಖಪಟ್ಟಣದ ಮೀನುಗಳ ಕುರಿತು 1803ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸ್ಥಳೀಯ ಹೆಸರುಗಳನ್ನೇ ಬರೆದುಕೊಂಡಿದ್ದ. 1816ರಲ್ಲಿ ಪ್ರಾಣಿಶಾಸ್ತ್ರಜ್ಞ ಕುವಿಯೆ ಅದರಿಂದ ಈ ಹೆಸರನ್ನು ಹಾಗೆಯೇ ಎತ್ತಿಕೊಂಡ. ಆಂಧ್ರ ತೀರದ ಬೆಸ್ತರ ಬಾಯಿಮಾತು ಹೀಗೆ ಲೋಕದ ಪುಸ್ತಕ ಸೇರಿತು.

ಈ ಎರಡು ಮೀನುಗಳೂ ದಂಡುಕಟ್ಟಿ ತಿರುಗುವಂಥವು. ಊರಿಗೆ ಊರೇ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆ ಇವುಗಳಿಗಾಗಿಯೇ ಇತ್ತು. 1970ರ ದಶಕದಲ್ಲಿ ಸುತ್ತುಬಲೆಯ ಪರ್ಸೀನ್ ಬೋಟುಗಳು ಬಂದು ಆ ಬಲೆಯನ್ನು ಮೂಲೆಗೆ ತಳ್ಳಿದವು. ಬೂತಾಯಿಯಂತೂ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರದು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಈ ಮೀನು 2021ರಲ್ಲಿ ಮೂರೂವರೆ ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಪಶ್ಚಿಮ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳಿಗೆ ಕಡಲು ಮುಚ್ಚಿರುತ್ತದೆ. ಆ ದಿನಗಳಲ್ಲಿ ನಾಡದೋಣಿಯ ಅಲ್ಪಸ್ವಲ್ಪ ಮೀನು, ಹೊಳೆಯ ಮೀನು, ಒಣಮೀನುಗಳಿಂದಲೇ ಅಡುಗೆ ಸಾಗಬೇಕು.

ಎರಡು ರುಚಿಗಳನ್ನು ಕೂಡಿಸಿ ಪದಾರ್ಥಕ್ಕೆ ಹೆಸರಿಡುವ ಕ್ರಮ ನೆರೆಯ ಕೊಂಕಣಿಯಲ್ಲೂ ಇದೆ. ಗೋವೆಯ ಆಂಬಟ್ ತೀಖ್ ಎಂದರೂ ಹುಳಿ ಖಾರ ಎಂದೇ ಅರ್ಥ. ಅಲ್ಲಿ ಅದಕ್ಕೆ ತಾಟೆ ಮೀನು ಪ್ರಿಯ. ಆದರೆ ಪುಳಿಮುಂಚಿಯನ್ನು ಕನ್ನಡದ ಹೋಟೆಲುಗಳು ಹುಳಿಮೆಣಸು ಎಂದು ತರ್ಜುಮೆ ಮಾಡಲಿಲ್ಲ, ತುಳು ಹೆಸರನ್ನೇ ಇಟ್ಟುಕೊಂಡವು. ಬೆಂಗಳೂರು, ಮುಂಬೈಗಳಿಗೆ ಹೋದ ಕರಾವಳಿಯ ಹೋಟೆಲಿಗರ ಜೊತೆ ಅದು ಊರೂರು ಸುತ್ತಿತು. ಈಗ ಸೀಗಡಿ ಪುಳಿಮುಂಚಿ ಇದೆ, ಕೋಳಿ ಪುಳಿಮುಂಚಿಯೂ ಇದೆ. ಸೀಗಡಿಗೆ ಈ ಮಸಾಲೆ ಒಪ್ಪುತ್ತದೆ. ಕೋಳಿಯಲ್ಲಿ ಮೀನೆಣ್ಣೆಯಿಲ್ಲ, ಮಸಾಲೆಯ ಹುಳಿಗೆ ಅಲ್ಲಿ ಕತ್ತರಿಸಲು ಜಿಡ್ಡಾಗಲಿ ಅಡಗಿಸಲು ಘಾಟಾಗಲಿ ಸಿಗುವುದಿಲ್ಲ. ಪದದ ಅರ್ಥ ಹಿಗ್ಗಿದ್ದು ಸಹಜವೇ. ಆದರೂ ಈ ಮಸಾಲೆಯ ಪೂರ್ಣ ಗುಣ ತಿಳಿಯಬೇಕಾದರೆ ಮಳೆಗಾಲ ಕಳೆದ ಮೇಲೆ ಬರುವ, ಕೊಬ್ಬು ತುಂಬಿದ ಬೂತಾಯಿಯನ್ನೇ ಅದಕ್ಕೆ ಹಾಕಬೇಕು.